ಮರೆವೋ ಕಿವುಡೋ: ವಯಸ್ಸಾದ ಕರಿ ಇಲಿಯ ಲೆಕ್ಕ

ಇಲಿಗೆ ಒಂದು ಸದ್ದು ಕೇಳಿಸಿ, ಬೆನ್ನಲ್ಲೇ ಕಾಲಿಗೆ ಸಣ್ಣ ಶಾಕ್. ಮಾರನೇ ದಿನ ಬರೀ ಸದ್ದು. ಮೂರು ತಿಂಗಳ ಇಲಿ ಕಲ್ಲಾಗಿ ನಿಲ್ಲುತ್ತದೆ. ಹದಿನೆಂಟು ತಿಂಗಳದ್ದು ಮೀಸೆ ಆಡಿಸುತ್ತಾ ಓಡಾಡಿಕೊಂಡಿರುತ್ತದೆ. ‘ನೆನಪು ಕುಂದಿದೆ’ ಅಂತ ಥೀಸಿಸ್‌ಗೆ ಬರೆದುಬಿಡುವ ಮೊದಲು, ಅದಕ್ಕೆ ಸದ್ದು ಕೇಳಿಸಿತ್ತೇ ಅಂತ ನೋಡಬೇಕು.

ಪ್ರಯೋಗಾಲಯಗಳಲ್ಲಿ ಎಲ್ಲರೂ ಸಾಕುವ ಕರಿ ಇಲಿ ಸಿ57ಬಿಎಲ್/6, ಇನ್‌ಬ್ರೆಡ್ ತಳಿ. ಇನ್‌ಬ್ರೆಡ್ ಅಂದರೆ ಕನಿಷ್ಠ 20 ತಲೆಮಾರು ಒಡಹುಟ್ಟಿದವನ್ನೇ ಕೂಡಿಸಿ ಬಂದ ತಳಿ. ಒಂದಕ್ಕಿರುವ ಜೀನ್ ದೋಷ ಅಷ್ಟಕ್ಕೂ ಇರುತ್ತದೆ. ಈ ತಳಿಯ ಸಿಡಿಎಚ್23 ಜೀನ್‌ನಲ್ಲಿ 753ನೇ ಡಿಎನ್‌ಎ ಅಕ್ಷರ ಜಿ ಬದಲು ಎ. ಒಳಕಿವಿಯ ರೋಮಕೋಶಗಳ ತುದಿಗಳನ್ನು ಒಂದಕ್ಕೊಂದು ಬಿಗಿಯುವ ಎಳೆ ಈ ಜೀನ್‌ನಿಂದ ಆಗುವುದು. ಎಳೆ ಸಡಿಲಾದರೆ ಮೊದಲು ಹೋಗುವುದು ಕೀಚಲು ಸ್ವರ. ಆರು ತಿಂಗಳ ಹೊತ್ತಿಗೆ ಮೇಲಿನ ಸ್ವರಗಳು ಮಂಕಾಗಿರುತ್ತವೆ, ವರ್ಷ ದಾಟಿದ ಮೇಲೆ ಕೆಳಗಿನವೂ.

ಕಿವಿ ಕೇಳುತ್ತದೆಯೇ ಅಂತ ನೋಡುವ ಪರೀಕ್ಷೆ ಎಬಿಆರ್: ಸದ್ದು ಕೊಟ್ಟು, ಅದಕ್ಕೆ ಕಿವಿಯ ನರ ಮತ್ತು ಮಿದುಳಿನ ಬುಡದಲ್ಲಿ ಏಳುವ ವಿದ್ಯುತ್ ಅಲೆ ಅಳೆಯುವುದು. ಮೈಸೂರಿನ ವಾಕ್‌ ಶ್ರವಣ ಸಂಸ್ಥೆ ಆಯಿಷ್‌ನಲ್ಲಿ ಹಸುಗೂಸುಗಳಿಗೆ ಮಾಡುವ ಬೆರಾ ಅಂದರೆ ಇದೇ. ಆದರೆ ಆಸ್ಪತ್ರೆಯ ಯಂತ್ರವನ್ನೇ ಎರವಲು ತಂದು ಇಲಿಗೆ ಹಾಕಬೇಡಿ. ಮನುಷ್ಯರ ಇಯರ್‌ಫೋನ್ ಸಾಮಾನ್ಯವಾಗಿ 8 ಕಿಲೋಹರ್ಟ್ಸ್ ಆಸುಪಾಸಿಗೇ ನಿಂತುಬಿಡುತ್ತದೆ; ಈ ಇಲಿಯ ಕಿವಿ ಕೊನೆಗೆ ಕಳೆದುಕೊಳ್ಳುವ ಜಾಗವೇ ಅದು. ಅರ್ಧ ಕಿವುಡಾದ ಇಲಿಯೂ ‘ನಾರ್ಮಲ್’ ಆಗಿ ಪಾಸಾಗುತ್ತದೆ. ಅದಕ್ಕೇ 8, 16, 32 ಕಿಲೋಹರ್ಟ್ಸ್ ಮೂರನ್ನೂ ಕೊಡಬಲ್ಲ ಸ್ಪೀಕರ್ ಬೇಕು.

ಅರಿವಳಿಕೆಗೆ ಎಳೆಯವಕ್ಕೆ ಕೆಟಮಿನ್ ಮೈತೂಕದ ಕಿಲೋಗೆ 100 ಮಿಲಿಗ್ರಾಂ, ಜೈಲಜಿನ್ 10. ಮುದಿ ಇಲಿಗೆ ಇದನ್ನೇ ಕೊಟ್ಟರೆ ಏಳದೆ ಹೋಗಬಹುದು, ಪಶುವೈದ್ಯರನ್ನು ಕೇಳಿ ಇಳಿಸಿ. ಕಣ್ಣಿಗೆ ಮುಲಾಮು ಹಚ್ಚಿ. ಸೂಜಿ ಎಲೆಕ್ಟ್ರೋಡ್ ಒಂದು ನೆತ್ತಿಗೆ, ಒಂದು ಕಿವಿಯ ಹಿಂದೆ, ಗ್ರೌಂಡ್ ಬಾಲದ ಬುಡಕ್ಕೆ. 90 ಡೆಸಿಬೆಲ್‌ನಿಂದ ಐದೈದೇ ಇಳಿಸುತ್ತಾ, ಅಲೆ ಕಾಣದಾಗುವ ಹಂತ ಗುರುತಿಸಿ. ಎಳೆಯದು 16 ಕಿಲೋಹರ್ಟ್ಸ್‌ನಲ್ಲಿ 20–30 ಡೆಸಿಬೆಲ್‌ಗೂ ಅಲೆ ತೋರಿಸುತ್ತದೆ. ಕೆಳಗೆ ಹೀಟಿಂಗ್ ಪ್ಯಾಡ್ ಇಟ್ಟು ಮೈ 37 ಡಿಗ್ರಿ ಕಾಯ್ದುಕೊಳ್ಳಿ. ಮೈ ತಣ್ಣಗಾದರೆ ಅಲೆ ತಡವಾಗಿ ಬರುತ್ತದೆ, ನರಕ್ಕೇ ಏನೋ ಆಗಿದೆ ಅಂತ ಮೋಸಹೋಗುತ್ತೀರಿ. ಅರಿವಳಿಕೆ ಎಷ್ಟು ಸಲ ಕೊಡುತ್ತೀರಿ ಅನ್ನುವುದನ್ನು ಐಎಇಸಿ (ಸಂಸ್ಥೆಯ ಪ್ರಾಣಿ ನೈತಿಕತಾ ಸಮಿತಿ) ಅರ್ಜಿಯಲ್ಲೇ ಬರೆದಿರಿ, ಆಮೇಲೆ ಸೇರಿಸುವುದು ತಲೆನೋವು.

ಕಿವಿ ಹೋಗಿದ್ದರೆ ಸದ್ದು ಬಿಟ್ಟು, ಶಾಕ್ ತಿಂದ ಅದೇ ಪೆಟ್ಟಿಗೆಗೆ ಇಲಿಯನ್ನು ಹಾಕಿ ನೋಡಿ. ಅಲ್ಲಿ ಹೆದರಿ ನಿಂತರೆ ನೆನಪು ಗಟ್ಟಿಯಾಗೇ ಇದೆ. ಸದ್ದೇ ಬೇಕೆಂದರೆ ಈ ದೋಷವಿಲ್ಲದ ಸಿಬಿಎ/ಸಿಎಜೆ ತಳಿ ತನ್ನಿ, ಇಲ್ಲವೇ ಅದನ್ನು ಕರಿ ಇಲಿಗೆ ಕೂಡಿಸಿದ ಮೊದಲ ತಲೆಮಾರು. ದೋಷ ಎರಡೂ ಕಡೆಯಿಂದ ಬಂದರೆ ಮಾತ್ರ ಕಿವುಡು, ಹಾಗಾಗಿ ಆ ಮರಿಗಳ ಕಿವಿ ಚೆನ್ನಾಗಿರುತ್ತದೆ.

ಕಣ್ಣಿನ ಕಥೆಯೂ ಇಂಥದ್ದೇ. ಕರಿ ಇಲಿಯಲ್ಲೇ 6ಎನ್, 6ಜೆ ಅಂತ ಉಪತಳಿಗಳಿವೆ. 6ಎನ್‌ನಲ್ಲಿ ಸಿಆರ್‌ಬಿ1 ಜೀನ್‌ನ ಆರ್‌ಡಿ8 ದೋಷವಿದೆ, 6ಜೆಯಲ್ಲಿಲ್ಲ. ಅದರಿಂದ ರೆಟಿನಾದಲ್ಲಿ ಬೀಳುವ ಚುಕ್ಕೆಗಳನ್ನು ಮುಪ್ಪಿನ ಮ್ಯಾಕುಲಾ ರೋಗ (ರೆಟಿನಾದ ನಡುಭಾಗ ಕೆಡುವುದು) ಅಂತ ಓದಿಕೊಂಡವರಿದ್ದಾರೆ. ಎಫ್‌ವಿಬಿ ಅನ್ನುವ ಬೇರೊಂದು ತಳಿಯ ಇಲಿ ಮರಿಯಲ್ಲೇ ದೃಷ್ಟಿ ಕಳೆದುಕೊಳ್ಳುತ್ತದೆ. ನೆನಪಿನ ಪರೀಕ್ಷೆಗೆ ಅದನ್ನು ನೀರಿಗೆ ಬಿಟ್ಟು, ಗೋಡೆಯ ಗುರುತು ನೋಡಿ ಈಜಿ ದಾರಿ ಹುಡುಕು ಅಂದರೆ ಏನು ಮಾಡೀತು? ಹೆಸರಿನ ಬಾಲದ ಅಕ್ಷರ (ಎನ್ ಅಥವಾ ಜೆ) ಬಿಟ್ಟು ‘ಬ್ಲ್ಯಾಕ್ 6’ ಅಂತಷ್ಟೇ ಬರೆದಿರುವ ಪೇಪರ್ ಸಿಕ್ಕರೆ ನನಗೆ ಅಲ್ಲೇ ಅನುಮಾನ.

24 ತಿಂಗಳ ಇಲಿ 20 ಬೇಕಿದ್ದರೆ 30–35ರಿಂದ ಶುರುಮಾಡಿ. ಲಿಂಫೋಮಾ ಕ್ಯಾನ್ಸರ್, ಚರ್ಮದ ಹುಣ್ಣು, ಗಂಡುಗಳ ಕಾದಾಟ, ಎಲ್ಲ ಸೇರಿ ಪಾಲು ಕೇಳುತ್ತವೆ. ಸತ್ತದ್ದನ್ನೆಲ್ಲ ಕೊಯ್ದು ನೋಡಿ. ಗದ್ದಲವೂ ಕಿವಿ ಕೆಡಿಸುತ್ತದೆ: ಪ್ರಾಣಿಮನೆಯ ಗೋಡೆಗೆ ಜನರೇಟರ್ ಒರಗಿದ್ದರೆ ಪಂಜರ ಬೇರೆ ಕೋಣೆಗೆ ಹೋಗಲಿ. ದೀಪಾವಳಿ ವಾರದಲ್ಲಿ ಎಬಿಆರ್ ಇಟ್ಟುಕೊಳ್ಳಬೇಡಿ.

ಹಾಗಂತ ಕರಿ ಇಲಿ ದಂಡವಲ್ಲ. ಮನುಷ್ಯರಲ್ಲೂ ಮುಪ್ಪಿನ ಕಿವುಡು ಕೀಚಲು ಸ್ವರದಿಂದಲೇ ಶುರು. ಆದರೆ ಮಂಡ್ಯದ ಆಲೆಮನೆಯಲ್ಲಿ ಮೂವತ್ತು ವರ್ಷ ಗಾಣದ ಇಂಜಿನ್ ಪಕ್ಕ ನಿಂತವರ ಕಿವಿಯಲ್ಲಿ ಸದ್ದು, ಸಕ್ಕರೆ ಕಾಯಿಲೆ, ಔಷಧ, ಹತ್ತಾರು ಜೀನ್ ಎಲ್ಲ ಬೆರೆತಿರುತ್ತವೆ. ಈ ಇಲಿಯಲ್ಲಿ ಮುಖ್ಯವಾಗಿ ಒಂದೇ ಅಕ್ಷರದ ಕೆಲಸ. ಕಿವುಡಿನ ಔಷಧಿ ಇಲ್ಲಿ ಗೆದ್ದರೆ, ಸಿಬಿಎ ಮುದಿ ಇಲಿಯಲ್ಲೂ ಅದನ್ನು ಹಾಕಿ ನೋಡಿ, ಆಮೇಲೆ ಮಾತಾಡೋಣ.