ಐಎನ್‌ಆರ್ 2.5 ಇದೆ, ಸ್ಟೆಂಟ್ ಸೇಫಾ ಸಾರ್?

ಕೋಲಾರದ ಒಂದು ಲ್ಯಾಬ್‌ನಲ್ಲಿ ಟೆಕ್ನಿಷಿಯನ್ ನಾನು. ಜನ ಕೇಳುವ ಪ್ರಶ್ನೆಗಳಲ್ಲಿ ಉತ್ತರಿಸೋಕೆ ಕಷ್ಟ ಆಗೋದು ಇದೇ. ಐಎನ್‌ಆರ್ ಅಂದರೆ ರಕ್ತ ಹೆಪ್ಪುಗಟ್ಟೋಕೆ ಎಷ್ಟು ತಡ ಆಗುತ್ತೆ ಅಂತ ತೋರಿಸುವ ನಂಬರ್. ಸ್ಟೆಂಟ್ ಹೃದಯದ್ದಲ್ಲ, ಲಿವರ್‌ನದು. ಬೆಂಗಳೂರಿನಲ್ಲಿ ಹಾಕಿಸಿಕೊಂಡು ಬರುತ್ತಾರೆ, ಆಮೇಲಿನ ರಕ್ತ ಪರೀಕ್ಷೆಯೆಲ್ಲ ಇಲ್ಲೇ. ರಿಪೋರ್ಟ್ ಕೈಗೆ ಕೊಡೋದೇ ತಡ, "ಬ್ಲಾಕ್ ಆಗಲ್ಲ ಅಲ್ವಾ ಸಾರ್?" ಡೋಸ್ ಹೇಳೋದು ಡಾಕ್ಟರ ಕೆಲಸ, ನನ್ನದಲ್ಲ. ಆದರೆ ಆ ಹಾಳೆಯಲ್ಲಿರುವ ನಂಬರ್‌ಗಳು ಏನು ಹೇಳುತ್ತವೆ, ಏನು ಹೇಳೋದಿಲ್ಲ ಅಂತ ಬರೆಯಬಹುದು.

ಲಿವರ್‌ನಿಂದ ರಕ್ತ ಹೊರಗೆ ಹೋಗೋದು ಮುಖ್ಯವಾಗಿ ಮೂರು ನಾಳಗಳಲ್ಲಿ. ಅವು, ಇಲ್ಲವೇ ಅವು ಹೋಗಿ ಸೇರುವ ದೊಡ್ಡ ನಾಳ ಕಟ್ಟಿಕೊಂಡರೆ ಅದು ಬಡ್-ಕಿಯಾರಿ ಕಾಯಿಲೆ. ತೂಬು ಕಟ್ಟಿಕೊಂಡ ಕೆರೆಯ ಹಾಗೆ, ಒಳಗೆ ಬರೋದು ಬರ್ತಾನೇ ಇರುತ್ತೆ, ಹೊರಗೆ ಹೋಗೋಕೆ ದಾರಿ ಇಲ್ಲ. ಲಿವರ್ ಊದುತ್ತದೆ, ಹೊಟ್ಟೆಯಲ್ಲಿ ನೀರು ತುಂಬುತ್ತದೆ. ಕಟ್ಟಿಕೊಂಡ ಜಾಗವನ್ನು ಬಲೂನಿನಿಂದ ಅಗಲಿಸಿ ಸ್ಟೆಂಟ್ ಇಡುತ್ತಾರೆ. ಅದು ಆಗದಿದ್ದರೆ ಟಿಪ್ಸ್, ಅಂದರೆ ಲಿವರ್ ಒಳಗೇ ಹೊಸ ದಾರಿ ಕೊರೆದು ಅಲ್ಲಿ ಸ್ಟೆಂಟ್ ಕೂರಿಸೋದು. ಟಿಪ್ಸ್‌ಗೆ ಈಗ ಹೊದಿಕೆ ಇರುವ ಸ್ಟೆಂಟ್ ಬಳಸುತ್ತಾರೆ. ಹಳೇ ಬರಿ ಲೋಹದ ಜಾಲರಿಗಿಂತ ಅದು ಕಟ್ಟಿಕೊಳ್ಳೋದು ಕಡಿಮೆ. ಕಡಿಮೆ ಅಷ್ಟೇ, ಆಗೋದೇ ಇಲ್ಲ ಅಂತಲ್ಲ. ದಾರಿ ಮಾಡಿಕೊಟ್ಟರೂ ರಕ್ತದ ಗುಣ ಹಳೆಯದೇ ಅಲ್ವಾ?

ಹಾಗಾಗಿ ಸ್ಟೆಂಟ್ ಮುಂದೆ ಏನಾಗಬಹುದು ಅಂತ ಯೋಚಿಸುವವರು ಮೊದಲು ನೋಡಬೇಕಾದ್ದು, ಈ ರಕ್ತ ಯಾಕೆ ಹೆಪ್ಪುಗಟ್ಟಿತು ಅಂತ. ಇಲ್ಲಿ ನನಗೆ ಹೆಚ್ಚು ನಂಬಿಕೆ ಇರೋದು ಜ್ಯಾಕ್-2 ಪರೀಕ್ಷೆಯ ಮೇಲೆ. ಅಸ್ಥಿಮಜ್ಜೆ ರಕ್ತಕಣಗಳನ್ನು ಅತಿಯಾಗಿ ತಯಾರಿಸುವ ಕಾಯಿಲೆಗಳಲ್ಲಿ ಇರುವ ಈ ಜೀನ್ ಬದಲಾವಣೆ 2005ರಲ್ಲಿ ಗೊತ್ತಾಯಿತು. ಇದನ್ನು ಹುಡುಕದೆ ಬಿಡೋದಕ್ಕೆ ಒಂದು ಮೋಸದ ಕಾರಣ ಇದೆ. ಲಿವರ್ ಕಟ್ಟಿಕೊಂಡವರಲ್ಲಿ ಗುಲ್ಮ ದೊಡ್ಡದಾಗಿ ಪ್ಲೇಟ್‌ಲೆಟ್‌ಗಳನ್ನು ತನ್ನಲ್ಲೇ ಇಟ್ಟುಕೊಳ್ಳುತ್ತದೆ, ಆಗ ಕೌಂಟ್ ಕಡಿಮೆ ಇರಬೇಕು. ಅಂಥವರ ರಿಪೋರ್ಟಿನಲ್ಲಿ ಪ್ಲೇಟ್‌ಲೆಟ್ "ನಾರ್ಮಲ್" ಅಂತ ಬಂದರೆ ಮನೆಯವರು ಖುಷಿಪಡುತ್ತಾರೆ, ಮಜ್ಜೆ ಅತಿಯಾಗಿ ತಯಾರಿಸುತ್ತಿದೆಯಾ ಅಂತ ಡಾಕ್ಟರ್ ಅನುಮಾನಪಡುತ್ತಾರೆ.

ರಕ್ತ ಅತಿಯಾಗಿ ಹೆಪ್ಪುಗಟ್ಟದಂತೆ ತಡೆಯುವ ಪ್ರೋಟೀನ್ ಸಿ, ಪ್ರೋಟೀನ್ ಎಸ್, ಆಂಟಿಥ್ರಾಂಬಿನ್ ಪರೀಕ್ಷೆಗಳನ್ನೂ ಬರೆದುಕೊಡುತ್ತಾರೆ, ದುಬಾರಿ ಬೇರೆ. ಆದರೆ ಇವನ್ನೆಲ್ಲ ತಯಾರಿಸೋದು ಲಿವರೇ. ಲಿವರ್ ಸೋತರೆ ಇವೂ ಇಳಿಯುತ್ತವೆ. ಮೇಲಿಂದ ಹೆಪ್ಪುಗಟ್ಟದಂತೆ ಕೊಡುವ ವಾರ್ಫರಿನ್ ಮಾತ್ರೆ ತಗೊಳ್ತಾ ಇದ್ದರೆ ಸಿ ಮತ್ತು ಎಸ್ ಇನ್ನೂ ಕೆಳಗೆ. ಮಾತ್ರೆ ನಡೆಯುತ್ತಿರುವಾಗ ಈ ಎರಡನ್ನು ಮಾಡಿಸಿ "ಹುಟ್ಟಿನಿಂದಲೇ ಕೊರತೆ" ಅಂತ ತೀರ್ಮಾನ ಮಾಡೋದು ದುಡ್ಡು ದಂಡ ಅಂತಲೇ ನನ್ನ ಅಭಿಪ್ರಾಯ. ಜ್ಯಾಕ್-2ಗೆ ಆ ತಾಪತ್ರಯ ಇಲ್ಲ, ಮಾತ್ರೆ ನುಂಗಿದರೂ ಜೀನ್ ಬದಲಾಗಲ್ಲ.

ಇನ್ನು ಐಎನ್‌ಆರ್. ವಾರ್ಫರಿನ್ ತಗೊಳ್ಳುವವರಿಗೆ ಸಾಮಾನ್ಯವಾಗಿ 2ರಿಂದ 3ರ ಒಳಗೆ ಇರಲಿ ಅಂತಾರೆ. ಕಡಿಮೆಯಾದರೆ ಸ್ಟೆಂಟ್ ಒಳಗೆ ಹೆಪ್ಪು, ಜಾಸ್ತಿಯಾದರೆ ರಕ್ತಸ್ರಾವ. ಆದರೆ ಈ ನಂಬರ್ ಕೆಡೋದು ಮೆಷಿನ್ನಿಗೆ ಹೋಗುವ ಮೊದಲೇ! ನೀಲಿ ಮುಚ್ಚಳದ ಟ್ಯೂಬಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ದ್ರಾವಣ ಇರುತ್ತದೆ, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಅದು. ಗೆರೆ ಮುಟ್ಟುವ ತನಕ ರಕ್ತ ತುಂಬದಿದ್ದರೆ ಸಿಟ್ರೇಟ್ ಹೆಚ್ಚಾಗಿ, ಹೆಪ್ಪುಗಟ್ಟೋದು ತಡವಾಗಿ, ಐಎನ್‌ಆರ್ ಸುಳ್ಳುಸುಳ್ಳೇ ಮೇಲೆ ಹೋಗುತ್ತದೆ. ನಿಜದಲ್ಲಿ 1.7 ಇರೋದು 2.5 ಅಂತ ಬಂದರೆ ಏನಾಗುತ್ತೆ ಯೋಚಿಸಿ. ಎಲ್ಲರೂ ನೆಮ್ಮದಿಯಾಗಿ ಮನೆಗೆ ಹೋಗುತ್ತಾರೆ, ರಕ್ತ ಮಾತ್ರ ಹೆಪ್ಪುಗಟ್ಟೋಕೆ ತಯಾರಾಗಿರುತ್ತದೆ. ಜ್ಯಾಕ್-2 ಇರುವ ಕೆಲವರಲ್ಲಿ ಕೆಂಪು ಕಣ ವಿಪರೀತ. ಹೆಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, ಶೇ. 55 ದಾಟಿದರೆ ಟ್ಯೂಬ್ ಪೂರ್ತಿ ತುಂಬಿದರೂ ಒಳಗೆ ಪ್ಲಾಸ್ಮಾ ಕಡಿಮೆ, ಸಿಟ್ರೇಟ್ ಜಾಸ್ತಿ, ಮತ್ತೆ ಅದೇ ಸುಳ್ಳು ಏರಿಕೆ. ಅಂಥವರಿಗೆ ಸಿಟ್ರೇಟ್ ಕಡಿಮೆ ಮಾಡಿದ ಟ್ಯೂಬ್ ಬೇಕು. ದಯವಿಟ್ಟು ರಕ್ತ ಕೊಡುವಾಗ ಕಾಯಿಲೆಯ ಹೆಸರು ಹೇಳಿ. "ಐಎನ್‌ಆರ್ ಮಾಡಿ" ಅಂತ ಚೀಟಿ ಕೊಟ್ಟು ಸುಮ್ನೆ ಕೈ ಚಾಚಬೇಡಿ.

ನಮ್ಮ ಕಡೆ ಇನ್ನೊಂದು ವಿಷಯ ಇದೆ. ಸೊಪ್ಪು. ಮಳೆ ಬಿದ್ದರೆ ಹೊಲದಿಂದ ಬೆರಕೆ ಸೊಪ್ಪು ಬಂತು, ಮಸ್ಸೊಪ್ಪು, ಬಸ್ಸಾರು, ಮುದ್ದೆ, ದಿನಾ ಅದೇ. ಸೊಪ್ಪಿನಲ್ಲಿರುವ ವಿಟಮಿನ್ ಕೆ ವಾರ್ಫರಿನ್ನಿಗೆ ಎದುರಾಳಿ. ಹಾಗಂತ ಸೊಪ್ಪು ಬಿಡಿ ಅಂತ ಹೇಳೋದು ತಪ್ಪು, ಕೋಲಾರದವರಿಗೆ ಹಾಗೆ ಹೇಳಿದರೆ ಯಾರು ಕೇಳುತ್ತಾರೆ ಹೇಳಿ! ಪ್ರತಿ ವಾರ ಹೆಚ್ಚುಕಡಿಮೆ ಅಷ್ಟೇ ತಿನ್ನಿ. ಒಂದು ತಿಂಗಳು ಮೂರು ಹೊತ್ತು, ಇನ್ನೊಂದು ತಿಂಗಳು ಇಲ್ಲವೇ ಇಲ್ಲ ಅಂತ ಆಗಬಾರದು.

ಹೆಪ್ಪು ಕರಗುವಾಗ ರಕ್ತಕ್ಕೆ ಬರುವ ತುಣುಕು ಡಿ-ಡೈಮರ್, ಅದರ ಬಗ್ಗೆಯೂ ಕೇಳುತ್ತಾರೆ. ಹೊಟ್ಟೆಯಲ್ಲಿ ನೀರಿದ್ದರೆ, ಸೋಂಕಿದ್ದರೆ, ಈಗಷ್ಟೇ ಸ್ಟೆಂಟ್ ಹಾಕಿಸಿದ್ದರೆ ಅದು ಏರಿಯೇ ಇರುತ್ತದೆ. ನ್ಯೂಟ್ರೋಫಿಲ್-ಲಿಂಫೋಸೈಟ್ ಎಂಬ ಎರಡು ಬಗೆಯ ಬಿಳಿ ಕಣಗಳ ಅನುಪಾತವೂ ಅಷ್ಟೇ, ಒಂದು ಜ್ವರ ಬಂದರೆ ಕುಣಿಯುತ್ತದೆ. ಲಿವರ್ ಕಾಯಿಲೆ ಎಷ್ಟು ತೀವ್ರ ಅಂತ ಅಳೆಯುವ ಮೆಲ್ಡ್ ಸ್ಕೋರ್ ಬೇರೆ ಕಥೆ. 2000ದಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನವರು ಅದನ್ನು ರೂಪಿಸಿದ್ದೇ ಟಿಪ್ಸ್ ಆದವರಿಗಾಗಿ. ಲಿವರ್ ಕಸಿಯ ಸರದಿಗೆ ಬಳಕೆಯಾಗಿದ್ದು ಆಮೇಲೆ. ಬಿಲಿರುಬಿನ್, ಕ್ರಿಯಾಟಿನಿನ್, ಐಎನ್‌ಆರ್ ಸೇರಿಸಿ ಲೆಕ್ಕ ಹಾಕುವ ಅದು ಹೇಳೋದು ರೋಗಿಯ ಪ್ರಾಣಕ್ಕೆ ಎಷ್ಟು ಅಪಾಯ ಅಂತ, ಸ್ಟೆಂಟ್ ಮುಚ್ಚುತ್ತಾ ಅಂತಲ್ಲ. ಅದೂ ಅಲ್ಲದೆ ವಾರ್ಫರಿನ್ ತಗೊಳ್ಳುವವರಲ್ಲಿ ಐಎನ್‌ಆರ್ ಏರೋದು ಮಾತ್ರೆಯಿಂದ, ಸ್ಕೋರ್ ಸುಮ್ಮನೆ ಉಬ್ಬುತ್ತದೆ.

ಟಿಪ್ಸ್ ಆದವರು ಒಮ್ಮೊಮ್ಮೆ ಮಂಕಾಗುತ್ತಾರೆ, ಮಾತು ತಪ್ಪುತ್ತಾರೆ, ಹಗಲೆಲ್ಲ ನಿದ್ದೆ ಮಾಡುತ್ತಾರೆ. ಆಗ ಲಿವರ್ ತೆಗೆದುಹಾಕಬೇಕಾದ ಅಮೋನಿಯಾ ರಕ್ತದಲ್ಲಿ ಎಷ್ಟಿದೆ ಅಂತ ಪರೀಕ್ಷೆ ಬರೆಯುತ್ತಾರೆ. ಆ ಸ್ಯಾಂಪಲ್ ಐಸ್‌ನಲ್ಲಿಟ್ಟು ಬೇಗ ಪರೀಕ್ಷೆ ಮಾಡಬೇಕು, ತಡವಾದರೆ ಟ್ಯೂಬಿನೊಳಗೇ ಅಮೋನಿಯಾ ಹೆಚ್ಚಾಗುತ್ತಾ ಹೋಗುತ್ತದೆ. ಇಲ್ಲಿ ತೆಗೆದು ಬೆಂಗಳೂರಿಗೆ ಕಳಿಸಿ, ಟ್ರಾಫಿಕ್ಕಿನಲ್ಲಿ ನಿಂತು ತಲುಪಿದ ಸ್ಯಾಂಪಲ್ಲಿನ ನಂಬರ್ ನೋಡಿ ಯಾರೂ ಗಾಬರಿಯಾಗಬೇಡಿ. ಅದರ ಬದಲು ರೋಗಿಯನ್ನೇ ಕರೆದುಕೊಂಡು ಹೋಗಿ.

ಸ್ಟೆಂಟ್‌ನಲ್ಲಿ ರಕ್ತ ಹರಿಯುತ್ತಿದೆಯಾ ಅಂತ ತೋರಿಸೋದು ಡಾಪ್ಲರ್ ಸ್ಕ್ಯಾನ್, ನಮ್ಮ ಟ್ಯೂಬ್ ಅಲ್ಲ. ಐಎನ್‌ಆರ್ ಚೆನ್ನಾಗಿದೆ ಅಂತ ಸ್ಕ್ಯಾನ್ ಮುಂದೂಡುವವರನ್ನು ಎಷ್ಟೋ ಸಲ ನೋಡಿದ್ದೇನೆ, ಬೆಂಗಳೂರಿಗೆ ಹೋಗಿಬರೋದು ಅಂದರೆ ಒಂದು ದಿನದ ಕೂಲಿ ಹೋಯಿತು, ಅರ್ಥ ಆಗುತ್ತೆ. ಆದರೆ ಹೊಟ್ಟೆ ಮತ್ತೆ ಉಬ್ಬಿದರೆ, ಕೆಲವೇ ದಿನದಲ್ಲಿ ತೂಕ ಏರಿದರೆ, ಕಾಲು ಊದಿದರೆ ಮುಂದಿನ ತಾರೀಕು ಕಾಯಬೇಡಿ. ಹಳೇ ಸ್ಕ್ಯಾನ್ ರಿಪೋರ್ಟ್ ಜೊತೆಗಿಟ್ಟುಕೊಳ್ಳಿ, ರಕ್ತದ ವೇಗ ಆಗ ಎಷ್ಟಿತ್ತು, ಈಗ ಎಷ್ಟಿದೆ ಅಂತ ಹೋಲಿಸಿ ನೋಡೋಕೆ ಸ್ಕ್ಯಾನ್ ಮಾಡುವವರಿಗೆ ಅದು ಬೇಕು.