ಮಂಗಳವಾರದ ಚೀಲ

ಕಳೆದ ವರ್ಷ ಜೂನ್‌ನಲ್ಲಿ ಗ್ಯಾಸ್ ಏಜೆನ್ಸಿಯ ಹುಡುಗನೊಬ್ಬ ಒಲೆ ತಪಾಸಣೆಗೆಂದು ಬಂದ. ಸಿಲಿಂಡರಿನ ಕಿತ್ತಳೆ ಬಣ್ಣದ ಕೊಳವೆಯನ್ನು ಐದು ವರ್ಷಕ್ಕೊಮ್ಮೆ ಬದಲಿಸಬೇಕು, ನಿಮ್ಮದು ಯಾವಾಗ ಹಾಕಿಸಿದ್ದು ಎಂದು ಕೇಳಿದ. ಬಾಗಿಲನ್ನು ಒಂದು ಗೇಣು ತೆರೆದು, ಆ ಗೇಣಿನಲ್ಲಿ ಮುಖವಿಟ್ಟುಕೊಂಡು, "ಇವತ್ತು ಮನೆಯಲ್ಲಿ ಮಡಿ, ಇನ್ನೊಂದು ದಿನ ಬಾರಪ್ಪ" ಎಂದೆ. ಮಡಿಯೂ ಇಲ್ಲ, ಮಣ್ಣೂ ಇಲ್ಲ. ನಡುಮನೆಯಿಂದ ಅಡುಗೆಮನೆಗೆ ಉಳಿದಿದ್ದ ದಾರಿ ಒಂದೂವರೆ ಅಡಿ. ನಾನು ಅಡ್ಡ ತಿರುಗಿ ನಡೆದರೆ ದಾಟುತ್ತಿದ್ದೆ, ಹೆಗಲಿಗೆ ಚೀಲ ಹಾಕಿಕೊಂಡ ಆ ಹುಡುಗ ದಾಟುವಂತಿರಲಿಲ್ಲ. ಕೊಳವೆ ಹಾಕಿಸಿದ್ದು ಯಜಮಾನರು. ಅವರು ಹೋಗಿ ಆಗಲೇ ಏಳು ವರ್ಷ ದಾಟಿತ್ತು. ಅಂದು ರಾತ್ರಿ ಒಲೆ ಹಚ್ಚುವಾಗ ಮೊದಲ ಸಲ ಸುತ್ತಲಿನ ಕಾಗದದ ರಾಶಿ ಕಣ್ಣಿಗೆ ಬಿತ್ತು. ಅನ್ನ ಬೇಯಿಸದೆ ಎರಡು ಬಾಳೆಹಣ್ಣು ತಿಂದು ಮಲಗಿದೆ.

ಮೈಸೂರಿನ ಸರ್ಕಾರಿ ಶಾಲೆಗಳಲ್ಲಿ 31 ವರ್ಷ ಪಾಠ ಹೇಳಿದವಳು ನಾನು. "ಕಸದಿಂದ ರಸ" ಎಂದು ಮಕ್ಕಳ ಕೈಯಲ್ಲಿ ತೆಂಗಿನ ಚಿಪ್ಪಿಗೆ ಬಣ್ಣ ಬಳಿಸಿದವಳು. ನನ್ನ ಮನೆಯಲ್ಲಿ ಮಾತ್ರ ಕಸ ಕಸವಾಗಿಯೇ ಕುಳಿತು ರಸಕ್ಕಾಗಿ ಕಾಯುತ್ತಿತ್ತು. ತೊಳೆದು, ಹಗ್ಗಕ್ಕೆ ನೇತುಹಾಕಿ, ಒಣಗಿಸಿ, ನಾಲ್ಕು ಮಡಿಕೆ ಮಾಡಿದ ಹಾಲಿನ ಕವರುಗಳು. 1998ರಿಂದೀಚೆಗಿನ ವೃತ್ತಪತ್ರಿಕೆಗಳು. ಮುಚ್ಚಳ ಕಳೆದ ಹಾರ್ಲಿಕ್ಸ್ ಬಾಟಲಿಗಳು, ಬಾಟಲಿ ಒಡೆದ ಮುಚ್ಚಳಗಳು, ಹೂವಿನ ಮಾಲೆಯಿಂದ ಬಿಡಿಸಿಕೊಂಡ ನಾರು, ಮದುವೆ ಮನೆಗಳ ತಾಂಬೂಲದ ಚೀಲಗಳು. ಒಂದೊಂದಕ್ಕೂ ನನ್ನಲ್ಲಿ ಉತ್ತರವಿತ್ತು. ಒಂದು ಕವರು ಎಸೆಯಲು ಹೇಳಿದರೆ ಆ ಕವರಿನಿಂದಾಗುವ ಆರು ಉಪಯೋಗ ಹೇಳುತ್ತಿದ್ದೆ.

ಇವೆಲ್ಲ ಒಂದು ತೂಕ, ರವಿಕೆ ಕಣಗಳೇ ಒಂದು ತೂಕ. ಅರಿಶಿನ ಕುಂಕುಮಕ್ಕೆ ಹೋದಲ್ಲೆಲ್ಲ ಒಂದು ಕಣ ಕೊಡುತ್ತಾರೆ, ಅದನ್ನು ನಾವು ಇನ್ನೊಬ್ಬರಿಗೆ ದಾಟಿಸುತ್ತೇವೆ. ಹೊಲಿಸಿಕೊಳ್ಳುವವರು ನೂರಕ್ಕೆ ಒಬ್ಬರೂ ಇರಲಾರರು. ಕೊಟ್ಟವರಿಗೇ ತಿರುಗಿ ಕೊಟ್ಟರೆ ಮರ್ಯಾದೆ ಹೋಗುತ್ತದೆಂದು ಪ್ರತಿಯೊಂದರ ಮಡಿಕೆಯಲ್ಲೂ ಕೊಟ್ಟವರ ಹೆಸರಿನ ಚೀಟಿ ಸಿಕ್ಕಿಸುತ್ತಿದ್ದೆ. ಯಜಮಾನರು ಹೋದ ಮೇಲೆ ಕರೆಯುವವರು ಕರೆಯುವುದನ್ನು ಬಿಟ್ಟರು. ನಾನೂ ಯಾರನ್ನೂ ಕರೆಯಲಿಲ್ಲ. ಬರುವುದೂ ಕೊಡುವುದೂ ಒಟ್ಟಿಗೇ ನಿಂತು, ಚೀಟಿ ಸಮೇತ 214 ಕಣಗಳು ನನ್ನಲ್ಲೇ ಉಳಿದವು. ಕೆಲವು ಚೀಟಿಯಲ್ಲಿರುವವರು ಈಗ ಬದುಕಿಲ್ಲ.

ಮಗ ಸುಮ್ಮನೆ ನೋಡುತ್ತಿರಲಿಲ್ಲ. 2019ರಲ್ಲಿ ನಾನು ಹಾಸನಕ್ಕೆ ಮದುವೆಗೆ ಹೋಗಿದ್ದಾಗ ಆಳುಗಳನ್ನು ಕರೆಸಿ ಎರಡು ಟೆಂಪೊ ತುಂಬ ಸಾಮಾನು ಸಾಗಿಸಿಬಿಟ್ಟ. ಬೀಗ ತೆಗೆದು ಒಳಗೆ ಬಂದರೆ ನನ್ನ ಹೆಜ್ಜೆಯ ಸದ್ದು ಗೋಡೆಗೆ ಬಡಿದು ವಾಪಸು ಬರುತ್ತಿತ್ತು. ಅವನು ಟೀ ಮಾಡಿಟ್ಟು, ಹೊಸ ಬೆಡ್‌ಶೀಟ್ ಹಾಸಿ, ನಾನು ಹಿಗ್ಗುತ್ತೇನೆಂದು ಕಾದಿದ್ದ. ಯಜಮಾನರ ಕನ್ನಡಕದ ಡಬ್ಬಿ ಎಲ್ಲಿ ಎಂದೆ. ಅವನಿಗೆ ಗೊತ್ತಿರಲಿಲ್ಲ. ಮೂರು ದಿನ ಗುಜರಿ ಅಂಗಡಿಗಳನ್ನು ಸುತ್ತಿದೆ, ಸಿಗಲಿಲ್ಲ. ಅವನ ಜೊತೆ ಐದು ತಿಂಗಳು ಮಾತು ಬಿಟ್ಟೆ, ಬೀಗವನ್ನೇ ಬದಲಾಯಿಸಿದೆ. ಒಂದೂವರೆ ವರ್ಷದಲ್ಲಿ ಮನೆ ಮೊದಲಿಗಿಂತ ಹೆಚ್ಚು ತುಂಬಿತು. ಅಮ್ಮನಿಗೆ ಹಟ ಎಂದು ಅವನು ಎಲ್ಲರಿಗೂ ಹೇಳಿದ. ಹಟವೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನನ್ನ ಕೈ ಮುಟ್ಟದೆ ಖಾಲಿಯಾದ ಮನೆ ನನಗೆ ಕಳ್ಳತನವಾದ ಮನೆಯ ಹಾಗೆ ಕಾಣುತ್ತಿತ್ತು.

ಗ್ಯಾಸಿನ ಹುಡುಗ ಬಂದುಹೋದ ಮರುದಿನ ತಂಗಿಯ ಮಗಳಿಗೆ ಫೋನ್ ಮಾಡಿ, ಬಾಗಿಲು ಪೂರ್ತಿ ತೆರೆದು ಅವಳನ್ನು ಒಳಗೆ ಕರೆದೆ. ಅದನ್ನು ಬರೆಯುವುದು ಸುಲಭ, ಚಿಲಕದ ಮೇಲೆ ಕೈಯಿಟ್ಟು ಎಷ್ಟು ಹೊತ್ತು ನಿಂತಿದ್ದೆನೋ ಲೆಕ್ಕವಿಲ್ಲ. ಅವಳು ಮೂಗು ಮುಚ್ಚಲಿಲ್ಲ, ಅಯ್ಯೋ ಎನ್ನಲಿಲ್ಲ. "ದೊಡ್ಡಮ್ಮ, ಎಲ್ಲಿ ಕೂರಲಿ?" ಎಂದಳು. ಕೂರಲು ಜಾಗವಿರಲಿಲ್ಲ. ಇಬ್ಬರೂ ಹೊಸ್ತಿಲ ಮೇಲೆ ಕುಳಿತೆವು. ಅಲ್ಲಿಂದಲೇ ಅವಳು ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಫೋನನ್ನು ನನ್ನ ಕೈಗೆ ಕೊಟ್ಟಳು. ಮನಸ್ಸಿನ ಕಷ್ಟ ಹೇಳಿಕೊಳ್ಳಲು ಇರುವ ಸರ್ಕಾರದ ಉಚಿತ ಸೇವೆ ಅದು, 2022ರಿಂದ ಇದೆ, ಕನ್ನಡದಲ್ಲೇ ಮಾತನಾಡುತ್ತಾರೆ. ನಾನು ಮೊದಲು ಹೇಳಿದ ಮಾತು "ನಮ್ಮ ಮನೆಯಲ್ಲಿ ಸ್ವಲ್ಪ ಸಾಮಾನು ಜಾಸ್ತಿ". ಪಕ್ಕದಲ್ಲಿದ್ದವಳು ಕೆಮ್ಮಿದಳು.

ಆಮೇಲೆ ಆಸ್ಪತ್ರೆಯಲ್ಲಿ ಮನೋವೈದ್ಯೆ ಇದಕ್ಕೆ ಹೆಸರಿದೆ ಎಂದರು, ಹೋರ್ಡಿಂಗ್, ಎಸೆಯಲಾರದೆ ಕೂಡಿಡುವ ಕಾಯಿಲೆ. ಸರ್ಕಲ್ಲಿನಲ್ಲಿ ನಿಲ್ಲಿಸುವ ದೊಡ್ಡ ಜಾಹೀರಾತು ಫಲಕ ನನ್ನ ಕಣ್ಣ ಮುಂದೆ ಬಂತು. ಹಾಗೆಂದದ್ದಕ್ಕೆ ಅವರೂ ನಕ್ಕರು. ಹಿಂದೆ ಇದನ್ನು ಗೀಳು ರೋಗದ ಒಂದು ಬಗೆಯೆಂದೇ ಎಣಿಸುತ್ತಿದ್ದರಂತೆ. 2013ರಲ್ಲಿ ಅಮೆರಿಕದ ಮನೋವೈದ್ಯರ ಸಂಘ ಬೇರೆಯೇ ಕಾಯಿಲೆಯೆಂದು ಪಟ್ಟಿಗೆ ಸೇರಿಸಿತು, ಆಮೇಲೆ ವಿಶ್ವ ಆರೋಗ್ಯ ಸಂಸ್ಥೆಯೂ ಸೇರಿಸಿತು. ಮೂವತ್ತು ವರ್ಷ ಜಿಪುಣಿ, ಸೋಮಾರಿ, ಕೊಳಕಿ ಎಂದು ನನ್ನನ್ನು ನಾನೇ ಬೈದುಕೊಂಡವಳಿಗೆ ಆ ಹೆಸರು ಕೇಳಿ ಕೋಪ ಬಂತೋ ಸಮಾಧಾನವಾಯಿತೋ, ಇವತ್ತಿಗೂ ಹೇಳಲಾರೆ. ಒಂದೇ ಅಡುಗೆಮನೆಯ ಒಂಬತ್ತು ಚಿತ್ರ ತೋರಿಸಿದರು. ಮೊದಲನೆಯದು ಓರಣ, ಒಂಬತ್ತನೆಯದರಲ್ಲಿ ಒಲೆಯೇ ಕಾಣುವುದಿಲ್ಲ. ನಿಮ್ಮದು ಯಾವುದರ ಹಾಗಿದೆ ಎಂದು ಕೇಳಿದರು. ನಾನು ನಾಲ್ಕರ ಮೇಲೆ ಬೆರಳಿಟ್ಟೆ. ತಂಗಿಯ ಮಗಳು ಮೆಲ್ಲಗೆ ನನ್ನ ಬೆರಳು ಹಿಡಿದು ಏಳರ ಮೇಲೆ ಇಟ್ಟಳು.

ಮನಸ್ಸು ಕುಗ್ಗಿದ್ದಕ್ಕೆ ಮಾತ್ರೆ ಬರೆದುಕೊಟ್ಟರು. ಮಿಕ್ಕದ್ದು ಮಾತ್ರೆಯಿಂದ ಆಗುವ ಕೆಲಸವಲ್ಲ. ಪ್ರತಿ ಮಂಗಳವಾರ ಮನೆಯಿಂದ ಒಂದು ಚೀಲ ಸಾಮಾನು ತರಬೇಕು, ಆಪ್ತಸಮಾಲೋಚಕಿಯ ಮೇಜಿನ ಮೇಲೆ ಸುರಿಯಬೇಕು, ಒಂದೊಂದನ್ನೇ ಕೈಯಲ್ಲಿ ಹಿಡಿದು ಇದು ಇರಲೋ ಹೋಗಲೋ ಎಂದು ನಾನೇ ಹೇಳಬೇಕು. ಕಸವನ್ನು ಪಕ್ಕದಲ್ಲಿ ಕೂರಿಸಿಕೊಂಡು ಎಂಬತ್ತು ರೂಪಾಯಿ ಕೊಟ್ಟು ಆಟೋದಲ್ಲಿ ಆಸ್ಪತ್ರೆಗೆ ಹೋದವಳು ಮೈಸೂರಿನಲ್ಲಿ ನಾನೊಬ್ಬಳೇ ಇರಬೇಕು!

ಮೊದಲ ದಿನ ಒಂದು ಹಾಲಿನ ಕವರು. ಇದನ್ನು ಬಿಟ್ಟರೆ ಸಂಕಟ ಹತ್ತರಲ್ಲಿ ಎಷ್ಟು ಎಂದರು. ಎಂಟು ಎಂದೆ. ಹೇಳಿದ ಮೇಲೆ ನನಗೇ ನಾಚಿಕೆಯಾಯಿತು, ಒಂದು ಹಾಲಿನ ಕವರು! ಆಕೆ ನಗದೆ ಎಂಟು ಎಂದು ಬರೆದುಕೊಂಡರು. ಬಿಟ್ಟರೆ ಏನಾಗಬಹುದು ಎಂದರು. ನಾಳೆ ಬೇಕಾಗಬಹುದು ಎಂದೆ. ಸರಿ, ಬೇಕಾಯಿತೋ ಇಲ್ಲವೋ ಮುಂದಿನ ವಾರ ಬಂದು ಹೇಳಿ ಎಂದರು. ಬುಟ್ಟಿಗೆ ಹಾಕಿದೆ. ಅರ್ಧ ಗಂಟೆಗೆ ಎಂಟು ಐದಾಯಿತು. ರಾತ್ರಿ ಮತ್ತೆ ಏಳಕ್ಕೆ ಏರಿತು, ಬೆಳಿಗ್ಗೆ ಕಾಫಿ ಸೋಸುವಾಗ ಮರೆತೇಹೋಗಿತ್ತು. ಆ ಒಂದು ಕವರಿಗೆ ನಲವತ್ತು ನಿಮಿಷ ಹಿಡಿಯಿತು. ಎಸೆಯುವುದಕ್ಕಿಂತ ಕಷ್ಟವಾದದ್ದು ತರದೇ ಇರುವುದು. ಬೀದಿಯಲ್ಲಿ ಬಿದ್ದಿರುವ ಒಳ್ಳೆಯ ರಟ್ಟಿನ ಡಬ್ಬಿಯನ್ನು ಎರಡು ಕೈ ಬೀಸಿಕೊಂಡು ದಾಟಿ ಹೋಗುವುದನ್ನು ನಾನಿನ್ನೂ ಪೂರ್ತಿ ಕಲಿತಿಲ್ಲ.

ಪತ್ರಿಕೆಗಳು ಮೂರು ಕಂತಿನಲ್ಲಿ ರದ್ದಿಗೆ ಹೋದವು. ಕಣಗಳಲ್ಲಿ ಮೊದಲನೆಯದನ್ನು ಎಲೆ ಅಡಿಕೆ ಇಟ್ಟು, ಕುಂಕುಮ ಹಚ್ಚಿ, ತಂಗಿಯ ಮಗಳಿಗೇ ಕೊಟ್ಟೆ. ನಾನು ಕೊಡಬಹುದೋ ಬಾರದೋ ಎಂದು ಕೈ ಒಂದು ಗಳಿಗೆ ಹಿಂಜರಿಯಿತು. ಅವಳು ಸೆರಗಿನ ಬದಲು ದುಪಟ್ಟಾ ಒಡ್ಡಿ ಇಸಿದುಕೊಂಡು ಕಾಲಿಗೆ ಬಿದ್ದಳು. ಉಳಿದವನ್ನು ಹಿಂದಿನ ಬೀದಿಯಲ್ಲಿ ಹೊಲಿಗೆ ಕಲಿಯುವ ಹುಡುಗಿಯರಿಗೆ ಹತ್ತು ಹತ್ತರಂತೆ ಕೊಡುತ್ತಿದ್ದೇನೆ. ಚೀಟಿಗಳನ್ನು ಇಟ್ಟುಕೊಂಡಿದ್ದೇನೆ, ಅದಕ್ಕೆ ಆಪ್ತಸಮಾಲೋಚಕಿಯ ಒಪ್ಪಿಗೆಯೂ ಇದೆ. ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಿಡಿಯುತ್ತವೆ.

ಹಿಂದಿನ ಕೋಣೆಗೆ ಇನ್ನೂ ಕೈ ಹಾಕಿಲ್ಲ. ಮಗ ದಸರೆಗೆ ಬಂದಿದ್ದಾಗ ಏನನ್ನೂ ಮುಟ್ಟಲಿಲ್ಲ. "ಅಮ್ಮ, ಇದನ್ನು ಎತ್ತಿಡಲೇ?" ಎಂದು ಒಂದು ಖಾಲಿ ಲೋಟಕ್ಕೂ ಕೇಳಿದ. ಅದು ವ್ಯಂಗ್ಯವೋ ನಿಜವೋ ಎಂದು ಮುಖ ನೋಡಿದೆ. ನಿಜವೇ ಆಗಿತ್ತು.

ಹೋದ ವಾರ ನಾನೇ ಏಜೆನ್ಸಿಗೆ ಫೋನ್ ಮಾಡಿದೆ. ಅದೇ ಹುಡುಗ ಬಂದ, ಅಡುಗೆಮನೆಯವರೆಗೆ ನೆಟ್ಟಗೆ ನಡೆದು ಹೋದ, ಹತ್ತೇ ನಿಮಿಷದಲ್ಲಿ ಹೊಸ ಕೊಳವೆ ಹಾಕಿದ. ಹಳೆಯದು ಅಲ್ಲಲ್ಲಿ ಬಿರುಕು ಬಿಟ್ಟಿತ್ತು. ಅದನ್ನು ತನ್ನ ಚೀಲಕ್ಕೆ ಹಾಕಿಕೊಳ್ಳಲು ಹೋದವನನ್ನು ತಡೆದು, "ಕೊಡಪ್ಪ, ಗಿಡಕ್ಕೆ ನೀರು ಹಾಕಲು ಬರುತ್ತದೆ" ಎಂದು ಇಸಿದುಕೊಂಡೆ. ಅವನು ಹೋದ ಮೇಲೆ ನೋಡಿದರೆ ಅದರ ಉದ್ದ ಒಂದೂವರೆ ಮೀಟರು, ತುಳಸಿ ಕಟ್ಟೆಗೂ ಮುಟ್ಟುವುದಿಲ್ಲ. ಈಗ ಮಂಗಳವಾರದ ಚೀಲದಲ್ಲಿದೆ.