ಮೂರನೇ ಗುಂಡಿ

12 ಜುಲೈ 2025, ಶನಿವಾರ

ಇವತ್ತಿನ ದಿನದಲ್ಲಿ ನೆನಪಲ್ಲಿ ಉಳಿದಿದ್ದು ಪುಟ್ಟಿಯ ನೀಲಿ ಅಂಗಿಯ ಮೂರನೇ ಗುಂಡಿ.

"ನಾನೇ ಹಾಕ್ತೀನಿ" ಅಂತ ಹಟ ಹಿಡಿದಳು. ಹೊರಡೋಕೆ ಹೊತ್ತಾಗಿತ್ತು. ನಾನು ಕೈ ಚಾಚಿದೆ, ತಳ್ಳಿಬಿಟ್ಟಳು. ಸುಮ್ನೆ ಎದುರಿಗೆ ಕೂತೆ. ಎಡಗೈಯಲ್ಲಿ ಕಾಜದ ಅಂಚನ್ನು ಎಳೆದು ಹಿಡಿದಳು. ಬಲಗೈ ಹೆಬ್ಬೆರಳು, ತೋರುಬೆರಳ ನಡುವೆ ಗುಂಡಿ. ಅರ್ಧ ತೂರುತ್ತೆ, ಮತ್ತೆ ಜಾರುತ್ತೆ. ನಾಲಿಗೆ ತುದಿ ತುಟಿಯ ಮೂಲೆಗೆ ಬಂದಿತ್ತು. ತೂರಿದ ಅರ್ಧವನ್ನು ಎಡಗೈ ಆ ಕಡೆಯಿಂದ ಹಿಡಿಯಬೇಕು, ಅದು ಹಿಡಿಯುವವರೆಗೆ ಬಲಗೈ ಬಿಡಬಾರದು. ಇದು ಇಷ್ಟು ಕಷ್ಟದ ಕೆಲಸ ಅಂತ ನನಗೆ ಗೊತ್ತೇ ಇರಲಿಲ್ಲ. ಹತ್ತು ನಿಮಿಷ ಆಯ್ತು. ಹಾಕಿದಳು!

ಆದರೂ ರಾತ್ರಿ ಅಕ್ಕನಿಗೆ ಫೋನ್ ಮಾಡಿದೆ. ಮೊನ್ನೆ ಇವಳದೇ ವಯಸ್ಸಿನ ಮಗುವೊಂದು ಅಕ್ಷರ ತಿದ್ದುವುದನ್ನು ನೋಡಿದಾಗಿನಿಂದ ಮನಸ್ಸಿಗೆ ಸಮಾಧಾನ ಇಲ್ಲ. ನಮ್ಮವಳು ಕ್ರೇಯಾನನ್ನು ಇನ್ನೂ ಮುಷ್ಟಿ ಕಟ್ಟಿ ಹಿಡಿಯುತ್ತಾಳೆ.

"ಅವಳಿಗೆಷ್ಟು, ಮೂರು ತುಂಬಿ ಎರಡು ತಿಂಗಳು ತಾನೇ?" ಅಂದಳು ಅಕ್ಕ. "ಹುಟ್ಟಿದಾಗ ಮಣಿಕಟ್ಟಿನ ಎಂಟು ಮೂಳೆಗಳಲ್ಲಿ ಒಂದೂ ಗಟ್ಟಿ ಇರಲ್ಲ ಕಣೇ. ಕೊನೇದು ಗಟ್ಟಿಯಾಗೋಕೆ ಶುರುವಾಗೋದೇ ಹತ್ತು ವರ್ಷದ ಆಸುಪಾಸಿಗೆ. ಮೂರು ಬೆರಳಲ್ಲಿ ಪೆನ್ಸಿಲ್ ಹಿಡಿಯೋದು ನಾಲ್ಕು, ಐದು ವರ್ಷದ ಮಾತು."

"ಹಾಗಾದ್ರೆ ಈಗ ಏನೂ ಮಾಡ್ಬಾರ್ದಾ?"

"ಆಡಿಸು. ಒದ್ದೆ ಸ್ಪಂಜು ಹಿಂಡಲಿ, ಕಾಗದ ಹರಿಯಲಿ, ಬಟ್ಟೆ ಕ್ಲಿಪ್ಪು ಸಿಕ್ಕಿಸಲಿ, ಡಬ್ಬಿ ಮುಚ್ಚಳ ತಿರುಗಿಸಲಿ. ಕ್ರೇಯಾನ್ ಮುರಿದು ಚಿಕ್ಕ ತುಂಡು ಕೊಡು. ಅದನ್ನ ಮುಷ್ಟಿಯಲ್ಲಿ ಹಿಡಿಯೋಕಾಗಲ್ಲ, ಬೆರಳ ತುದಿಗೆ ಬರಲೇಬೇಕು. ಕಾಗದನ ಗೋಡೆಗೆ ಅಂಟಿಸು. ನಿಂತು ಬರೆದ್ರೆ ಭುಜಕ್ಕೂ ಕೆಲಸ, ಮಣಿಕಟ್ಟೂ ಸರಿಯಾಗಿ ಮೇಲಕ್ಕೆ ಬಾಗುತ್ತೆ. ಭುಜ ಅಲ್ಲಾಡದೆ ನಿಂತ್ರೆ ಬೆರಳಿಗೂ ಕೆಲಸ ಸುಲಭ ಅಲ್ವಾ, ಹೇಳು?"

ಎಷ್ಟೋ ವರ್ಷದಿಂದ ಮಕ್ಕಳ ಥೆರಪಿ ಮಾಡ್ತಿರೋಳು. ಅವಳ ಮಾತು ಕೇಳಿ ಎದೆ ಹಗುರಾಯ್ತು. ಜೊತೆಗೆ ಬೇಜಾರೂ ಆಯ್ತು. ಮುಚ್ಚಳ ತೆಗೆಯೋದು, ಚಪ್ಪಲಿ ಹಾಕೋದು, ಜಿಪ್ ಎಳೆಯೋದು, ಇಷ್ಟು ದಿನ ಎಲ್ಲಾ ನಾನೇ ಮಾಡ್ತಿದ್ದೆ. ಬೇಗ ಆಗಲಿ ಅಂತ. ಅವಳ ಬೆರಳಿಗೆ ಸಿಗಬೇಕಾದ ಆಟಗಳು ಅವು.

ಫೋನಲ್ಲಿದ್ದಾಗಲೇ ಚಿಕ್ಕವನು ನೆಲದ ಮೇಲಿನ ನೂಲಿನ ಎಳೆಯೊಂದನ್ನು ಎರಡೇ ಬೆರಳಲ್ಲಿ ಹೆಕ್ಕಿದ! ಹೋದ ತಿಂಗಳವರೆಗೆ ಇಡೀ ಅಂಗೈಯಿಂದ ಬಾಚುತ್ತಿದ್ದವನು. ಈಗ ಹತ್ತು ತಿಂಗಳು. ಹೆಕ್ಕೋದು ಬಂತು, ಬೇಕಾದ ಕಡೆ ಬಿಡೋದು ಇನ್ನೂ ಸರಿಯಾಗಿ ಬಂದಿಲ್ಲ. ನನ್ನ ಅಂಗೈಯಲ್ಲಿಡು ಅಂದ್ರೆ ಕೈ ಒದರುತ್ತಾನೆ. ಆಮೇಲೆ ಸೀದಾ ಬಾಯಿಗೆ. ಕಿತ್ತುಕೊಂಡೆ. ಪುಟ್ಟಿಯ ಮಣಿ, ಬಿಡಿ ಗುಂಡಿ ಎಲ್ಲ ಈಗಲೇ ಎತ್ತರದ ಕಪಾಟಿಗೆ ಹಾಕಿದ್ದೇನೆ. ಇವನು ಮಲಗಿದಾಗ ಮಾತ್ರ, ಅದೂ ನಾನು ಪಕ್ಕದಲ್ಲಿ ಕೂತು, ಆ ಆಟ.

ಮಲಗುವ ಮುಂಚೆ ಕೆಂಪು ಕ್ರೇಯಾನ್ ಮುರಿದೆ. ಪುಟ್ಟಿ ಒಂದು ಕ್ಷಣ ಅಳುಮುಖ ಮಾಡಿದಳು. ಆಮೇಲೆ ತುಂಡನ್ನು ಹಿಡಿದು ಗೋಡೆಯ ಕಾಗದದ ಮೇಲೆ ಒಂದು ಸುತ್ತು ಎಳೆದಳು. ಶುರುವಾದ ಜಾಗಕ್ಕೆ ಬಂದು ಮುಟ್ಟಿತು! "ಅಮ್ಮಾ, ಇದು ಗುಂಡಿ" ಅಂದಳು.

ನಾಳೆ ಕ್ಲಿಪ್ಪಿನ ಡಬ್ಬಿ ಕೊಡಬೇಕು. ಹೊಸವು ಜಾಸ್ತಿ ಬಿಗಿ, ಅವಳ ಕೈಗೆ ಆಗಲ್ಲ. ಆ ಹಳೇ ಮರದವು ಸಡಿಲ ಇದ್ದವು, ಅವನ್ನು ಎಲ್ಲಿ ಇಟ್ಟೆ...